ಮರಿಯ ಬಲಭುಜ

ಮರಿಯ ಬಲಭುಜದಲ್ಲಿ ನೋವು ಕಾಣಿಸಿಕೊಂಡದ್ದು ಚಳಿಗಾಲ ಮುಗಿಯುವ ಹೊತ್ತಿಗೆ. ಹೆಸರಿಗಷ್ಟೇ ಮರಿ, ಹದಿನೇಳಕ್ಕೆಲ್ಲ ಮನೆಯಲ್ಲಿ ಎಲ್ಲರಿಗಿಂತ ಎತ್ತರ ಬೆಳೆದಿದ್ದಳು. ಅವಳು ಬಾಗಿಲು ದಾಟುವಾಗಲೆಲ್ಲ ಅಜ್ಜಿ "ತಲೆ, ತಲೆ" ಎಂದು ಎಚ್ಚರಿಸುತ್ತಿದ್ದರು. ಅಪ್ಪ ಈಜುಕೊಳದ ಕೋಚು. ಮನೆ ಇದ್ದದ್ದು ಅದೇ ಕೊಳದ ಹಿಂಬದಿಯಲ್ಲಿ, ನೀರು ಸೋಸುವ ಪಂಪಿನ ಕೋಣೆಯ ಮೇಲೆ. ಪಂಪು ಓಡುವಾಗ ನೆಲ ಸಣ್ಣಗೆ ನಡುಗುತ್ತಿತ್ತು. ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಒಗೆದು ಒಣಗಿಸಿದ ಬಟ್ಟೆಗೂ ಕ್ಲೋರಿನ್ ವಾಸನೆ. ಇದ್ದ ಮೂರು ಕಿಟಕಿಗಳೂ ಕೊಳದ ಕಡೆಗೇ ತೆರೆಯುತ್ತಿದ್ದವು. ಮನೆ ಕ್ಲಬ್ಬಿನದು. ಕೋಚಿನ ಕೆಲಸ ಇರುವ ತನಕ ಮನೆ.

ಕೊಳದ ಬಳಿ ಅಪ್ಪನನ್ನು "ಸರ್" ಎನ್ನಬೇಕು, ಮೆಟ್ಟಿಲು ಹತ್ತಿ ಬಂದಮೇಲೆ "ಅಪ್ಪ" ಎನ್ನಬಹುದು ಎಂಬುದು ಮರಿ ಏಳು ವರ್ಷದವಳಿದ್ದಾಗ ಆದ ಕಟ್ಟಳೆ. ಈಚೆಗೆ ಊಟಕ್ಕೆ ಕೂತಾಗಲೂ ಅವಳ ಬಾಯಿಂದ "ಸರ್, ಉಪ್ಪು" ಎಂದು ಬರುತ್ತಿತ್ತು. ಮೊದಮೊದಲು ಎಲ್ಲರೂ ನಕ್ಕರು, ಆಮೇಲೆ ಯಾರೂ ನಗಲಿಲ್ಲ.

ನೋವು ಹೊರಬಿದ್ದದ್ದೂ ಊಟದ ಹೊತ್ತಿನಲ್ಲೇ. ಅಮ್ಮ ಬೇಳೆಯ ಪಾತ್ರೆಯನ್ನು ಮುಂದೆ ಚಾಚಿದಳು. ಮರಿ ಬಲಗೈ ಎತ್ತಿ ಹಿಡಿಯಹೋದಳು. ಪಾತ್ರೆ ಜಾರಿ ಮೇಜಿನ ತುಂಬ ಬೇಳೆ ಹರಿಯಿತು.

"ಏನಾಯ್ತೇ?" ಎಂದಳು ಅಕ್ಕ. ಅವಳು ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು.

"ಏನಿಲ್ಲ. ಜಾರ್ತು."

"ಎದ್ದು ನಿಲ್ಲು. ಕೈನ ಪಕ್ಕದಿಂದ ಮೇಲಕ್ಕೆ ಎತ್ತು. ನಿಧಾನಕ್ಕೆ."

ಮರಿ ಎತ್ತಿದಳು. ತೋಳು ಭುಜದ ಮಟ್ಟಕ್ಕೆ ಬರುತ್ತಿದ್ದಂತೆ ಅವಳ ತುಟಿ ಬಿಗಿಯಿತು. ಕಿವಿಯ ಹತ್ತಿರ ಹೋದಾಗ ಸಡಿಲವಾಯಿತು.

"ನಡುವೆ ಮಾತ್ರ ಹಿಡಿಯುತ್ತೆ ಅಲ್ವಾ? ಈಗ ಕೈ ಮುಂದೆ ಚಾಚಿ, ಡಬ್ಬಿಯಲ್ಲಿರೋ ನೀರು ಚೆಲ್ಲೋ ಹಾಗೆ ಹೆಬ್ಬೆರಳು ಕೆಳಗೆ ಮಾಡು. ನಾನು ಒತ್ತುತೀನಿ, ನೀನು ಬಿಡಬೇಡ."

ಅಕ್ಕ ಎರಡು ಬೆರಳಲ್ಲಿ ಒತ್ತಿದ್ದಕ್ಕೇ ತೋಳು ಕೆಳಗೆ ಬಿತ್ತು.

"ಭುಜದೊಳಗಿನ ಸ್ನಾಯು ಮೂಳೆಗೆ ಅಂಟಿಕೊಳ್ಳೋ ಕಡೆ ಕೆರಳಿದೆ. ದಿನಾ ಅಷ್ಟೊಂದು ಸಲ ತೋಳು ಬೀಸಿದ್ರೆ ಇನ್ನೇನಾಗುತ್ತೆ?"

"ಅಷ್ಟು ಸಲ ಬೀಸಿದ್ದಕ್ಕೇ ಅವಳು ಈಜುಗಾರ್ತಿ ಆಗಿರೋದು," ಎಂದರು ಅಪ್ಪ.

"ಇನ್ನೂ ಬೀಸಿದ್ರೆ ಬಾಚಣಿಗೆ ಹಿಡಿಯೋದಕ್ಕೂ ಆಗಲ್ಲ. ತೋಳು ಬೀಸೋದು ಬಂದ್. ತೇಲೋ ಹಲಗೆ ಹಿಡ್ಕೊಂಡು ಬರೀ ಕಾಲು ಬಡೀಲಿ. ಬಾಕಿ ನಾನು ನೋಡ್ಕೋತೀನಿ."

"ಎಷ್ಟು ದಿನ?"

"ಭುಜ ಹೇಳಬೇಕು."

ಅಪ್ಪ ತಟ್ಟೆಯ ಕಡೆ ನೋಡಿದರು. ಎರಡು ವರ್ಷದಿಂದ ಈ ಕೊಳದ ಯಾರೂ ರಾಷ್ಟ್ರ ಮಟ್ಟದ ಕೂಟಕ್ಕೆ ಹೋಗಿರಲಿಲ್ಲ. ಈ ಬಾರಿಯೂ ಹೋಗದಿದ್ದರೆ ಕೊಳವನ್ನು ಹೊರಗಿನ ಕಂಪನಿಗೆ ವಹಿಸುವುದೆಂದು ಕ್ಲಬ್ಬಿನ ಕಮಿಟಿಯಲ್ಲಿ ಮಾತು ನಡೆದಿತ್ತು. ಕಂಪನಿ ಬಂದರೆ ಅದರದೇ ಕೋಚು ಬರುತ್ತಾನೆ. ಬಂದವನಿಗೆ ಮನೆ ಬೇಕು. ಇದೆಲ್ಲ ಆ ಮೇಜಿನ ಸುತ್ತ ಕೂತ ಪ್ರತಿಯೊಬ್ಬರಿಗೂ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು.

"ಮೊದಲು ಬೇಳೆ ಒರೆಸಿ. ಕೆಳಗೆ ಸುರೀತಿದೆ," ಎಂದಳು ಅಮ್ಮ.

ಮರುದಿನದಿಂದ ಅಡುಗೆಮನೆಯ ಬಾಗಿಲ ಹಿಡಿಗೆ ಅಕ್ಕ ಒಂದು ರಬ್ಬರ್ ಪಟ್ಟಿ ಕಟ್ಟಿದಳು. ಮರಿ ಮೊಣಕೈ ಮಡಚಿ, ಕಂಕುಳ ಕೆಳಗೆ ಟವೆಲಿನ ಸುರುಳಿ ಇಟ್ಟು, ಪಟ್ಟಿಯನ್ನು ಹೊರಕ್ಕೆ ಎಳೆಯಬೇಕು. ಟವೆಲು ಬಿದ್ದರೆ ಮತ್ತೆ ಮೊದಲಿಂದ. ಆಮೇಲೆ ಗೋಡೆಗೆ ಎರಡೂ ಅಂಗೈ ಊರಿ, ಬೆನ್ನಿನ ಹಲಗೆಮೂಳೆಗಳು ದೂರ ಸರಿಯುವ ಹಾಗೆ ತಳ್ಳಬೇಕು. ಅಮ್ಮ ಒಲೆಯಿಂದ ಮೇಜಿಗೆ ಹೋಗುವಾಗಲೆಲ್ಲ ಪಟ್ಟಿಯ ಕೆಳಗೆ ತಲೆ ತಗ್ಗಿಸಿ ನುಸುಳುತ್ತಿದ್ದಳು.

"ನನ್ನ ಅಡುಗೆಮನೆಗೆ ಬರೋದಕ್ಕೆ ನಾನೇ ಬಗ್ಗಬೇಕಾಯ್ತು ನೋಡಿ ಅತ್ತೆ."

"ಸೊಸೆ ಬಗ್ಗಿದ್ದು ನಾನು ಇದೇ ಮೊದಲು ನೋಡ್ತಿರೋದು. ಪಟ್ಟಿ ಅಲ್ಲೇ ಇರಲಿ," ಎಂದರು ಅಜ್ಜಿ.

ಎಣಿಸುವ ಕೆಲಸ ಅಜ್ಜಿಯದು. ಅವರು ಎಣಿಸುತ್ತ ಎಣಿಸುತ್ತ ಹಳೆಯ ಯಾವುದೋ ಮಾತು ತೆಗೆದು, ಎಲ್ಲಿಗೆ ನಿಲ್ಲಿಸಿದ್ದೆ ಎಂದು ಮರೆತು, ಮತ್ತೆ ಒಂದರಿಂದ ಶುರು ಮಾಡುತ್ತಿದ್ದರು. ವಾರ ಕಳೆದರೂ ಹೆಚ್ಚು ಬದಲಾವಣೆ ಕಾಣದಾಗ, "ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು," ಎಂದರು. ಅಕ್ಕ ಮಾತ್ರ ಬಿಡಲಿಲ್ಲ. ಕೊಳದ ದಂಡೆಗೂ ಹೋಗಿ ಅಪ್ಪನ ಮುಂದೆಯೇ ಹೇಳಿದಳು: "ಇವಳ ಬಲಗೈ ನೀರಿಗೆ ಬೀಳುವಾಗ ತಲೆಯ ಆ ಕಡೆಗೆ ದಾಟಿಹೋಗ್ತಿತ್ತು. ಉಸಿರು ಒಂದೇ ಪಕ್ಕಕ್ಕೆ ತಗೋತಿದ್ಲು. ನೀವು ತಿದ್ದಬೇಕಿತ್ತು."

"ಇಪ್ಪತ್ತು ವರ್ಷದಿಂದ ಈಜು ಕಲಿಸ್ತಿದೀನಿ."

"ಅದು ಗೊತ್ತು. ಅದರಲ್ಲಿ ಎಂಟು ವರ್ಷ ನಾನೂ ನೀರಲ್ಲಿದ್ದೆ."

ಅಪ್ಪ ಸೀಟಿ ಊದಿ ಬೇರೆ ಮಕ್ಕಳ ಕಡೆ ತಿರುಗಿದರು. ಅಕ್ಕನಿಗೆ ಹದಿನಾಲ್ಕಾದಾಗ "ನಾಳೆಯಿಂದ ಬರೋದು ಬೇಡ, ನಿನ್ನ ಕೈಲಿ ಆಗಲ್ಲ" ಎಂದು ಕಳಿಸಿದವರು ಅವರೇ. ಅಂದು ಅವಳು ಅತ್ತಿದ್ದಳು. ಈಗ ಆ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ತೋಳು ಬೀಸುವುದು ನಿಂತು, ಬೆಳಗ್ಗೆ ತಲೆ ನೆನೆಯದಂತೆ ಕಾಲು ಬಡಿಯುವುದಷ್ಟೇ ಉಳಿದ ಮೇಲೆ ಮರಿಗೆ ಸಂಜೆಗಳು ಸಿಕ್ಕವು. ಅಮ್ಮನ ಜೊತೆ ತರಕಾರಿ ತರಲು ಹೋದಳು; ಬೀನ್ಸು ಮುರಿದು ನೋಡಿ ಎಳೆಯದನ್ನು ಆರಿಸುವುದು ಕಲಿತಳು. ಅಕ್ಕ ಕೆಲಸ ಮಾಡುವ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗಿ, ಕಿಟಕಿ ಪಕ್ಕ ಕೂತು ಅಂಗಡಿಗಳ ಬೋರ್ಡು ಓದಿದಳು. ಹತ್ತು ವರ್ಷದಲ್ಲಿ ಮೊದಲ ಬಾರಿಗೆ ಅವಳ ಕೂದಲು ಬೇರು ಸಮೇತ ಒಣಗಿತು. ಅಮ್ಮ ಬಾಚುತ್ತ, "ನಿನ್ನ ಕೂದಲು ಗುಂಗುರು ಅಂತ ನಂಗೆ ಗೊತ್ತೇ ಇರ್ಲಿಲ್ಲ," ಎಂದಳು.

ಮರಿ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡಳು.

ಅಕ್ಕನಿಗೆ ಅನುಮಾನ ಬಂದದ್ದು ಆಸ್ಪತ್ರೆಯಲ್ಲಿ. ಪರೀಕ್ಷೆಯ ಮಂಚದ ಮೇಲೆ ಕೂರಿಸಿ ತೋಳು ಒತ್ತಿದರೆ ಮರಿ "ಅಯ್ಯೋ" ಎಂದು ಕೈ ಬಿಡುತ್ತಿದ್ದಳು. ಬಸ್ಸಿನ ಸುದ್ದಿ, ಪಕ್ಕದ ಸೀಟಿನವರ ಜಗಳದ ಸುದ್ದಿ ಹೇಳಿಸುತ್ತ ಒತ್ತಿದರೆ ಅದೇ ತೋಳು ಕಲ್ಲಿನ ಹಾಗೆ ನಿಲ್ಲುತ್ತಿತ್ತು. ಹಿಂದಿನಿಂದ ನೋಡಿದರೆ ಎರಡೂ ಹಲಗೆಮೂಳೆಗಳು ಜೋಡಿ ಎತ್ತಿನಂತೆ ಒಟ್ಟೊಟ್ಟಿಗೆ ಚಲಿಸುತ್ತಿದ್ದವು. ಮೊದಲು ಭುಜದ ತುದಿಯಲ್ಲಿದ್ದ ನೋವು ಈಗ ಒಂದು ದಿನ ಬೆನ್ನಿಗೆ, ಒಂದು ದಿನ ಕುತ್ತಿಗೆಗೆ ಹೋಗುತ್ತಿತ್ತು. ನೋವು ಎಂದವರನ್ನು ಮೊದಲು ನಂಬಬೇಕು ಎಂದು ಅಕ್ಕನಿಗೆ ಕಲಿಸಿದ್ದರು. ಅವಳು ನಂಬಲು ಪ್ರಯತ್ನಿಸಿದಳು. ಒಂದು ಭಾನುವಾರ ಮರಿ ಅಟ್ಟದ ಮೇಲಿದ್ದ ಅಕ್ಕಿಯ ದೊಡ್ಡ ಡಬ್ಬಿಯನ್ನು ಬಲಗೈಯೊಂದರಲ್ಲೇ ಎತ್ತಿ ಇಳಿಸುವುದನ್ನು ಕಂಡಮೇಲೆ ಆ ಪ್ರಯತ್ನವೂ ನಿಂತಿತು.

ತಾರಸಿಯ ಮೇಲೆ ಬಟ್ಟೆ ಒಣಹಾಕುವಾಗ ಅಕ್ಕ ಕೇಳಿದಳು: "ನೋವು ಯಾವಾಗ ಹೋಯ್ತು?"

ಮರಿ ಒದ್ದೆ ಟವೆಲನ್ನು ಕೊಡವುತ್ತಿದ್ದವಳು ನಿಂತಳು. "ಇನ್ನೂ ಇದೆ."

"ಮರಿ."

"...ಸುಮಾರು ದಿನ ಆಯ್ತು. ಮೊದಲು ನಿಜವಾಗ್ಲೂ ನೋಯ್ತಿತ್ತು ಅಕ್ಕ. ನಿಂಗೇ ಗೊತ್ತಲ್ಲ. ಒಂದಿನ ಎದ್ದೆ, ನೋವಿರ್ಲಿಲ್ಲ. ಖುಷಿ ಆಗಬೇಕಿತ್ತು, ಭಯ ಆಯ್ತು."

"ಈಜೋದು ಬೇಡ ಅಂದ್ರೆ ಬೇಡ ಅಂತ ಹೇಳಬಹುದಲ್ಲ."

"ಯಾರಿಗೆ ಹೇಳಲಿ? ಸರ್‌ಗಾ, ಅಪ್ಪನಿಗಾ? ನಾನು ಬೇಡ ಅಂದ್ರೆ ಅಜ್ಜಿ ಮಂಚ ಎಲ್ಲಿ ಹಾಕ್ತೀಯ? ಬೀದೀಲಾ?" ಮರಿ ಟವೆಲನ್ನು ಹಗ್ಗದ ಮೇಲೆ ಎಸೆದಳು. "ನೋವು ಅಂದ್ರೆ ಯಾರೂ ಬೈಯಲ್ಲ. ಅಮ್ಮ ತಲೆ ಬಾಚ್ತಾಳೆ. ನೀನು ಹೇಳಿಬಿಡ್ತೀಯಾ?"

ಅಕ್ಕನಿಗೆ ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು. ಹೇಳಿದರೆ ತಂಗಿಯನ್ನು ತಾನೇ ನೀರಿಗೆ ನೂಕಿದಂತೆ. ಹೇಳದಿದ್ದರೆ ಇಲ್ಲದ ಕಾಯಿಲೆಗೆ ದಿನವೂ ಚಿಕಿತ್ಸೆ ಮಾಡಬೇಕು. ಅವಳು ಕ್ಲಿಪ್ಪುಗಳ ಡಬ್ಬಿ ಎತ್ತಿಕೊಂಡು ಕೆಳಗಿಳಿದಳು. ಹೇಳುವೆನೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ.

ಅಂದಿನಿಂದ ಮನೆಯಲ್ಲಿ ಚಿಕ್ಕಪುಟ್ಟದ್ದಕ್ಕೂ ಜಗಳ. ಹಾಲು ಉಕ್ಕಿದ್ದಕ್ಕೆ ಒಂದು, ಸಾಬೂನು ಮುಗಿದದ್ದಕ್ಕೆ ಒಂದು. ಅಪ್ಪ ಅಕ್ಕನನ್ನು ದಿನವೂ ಕೇಳುತ್ತಿದ್ದರು:

"ಏನಂತಾಳೆ ನಿನ್ನ ಪೇಷಂಟು?"

"ಅವಳನ್ನೇ ಕೇಳಿ."

"ನಿನ್ನ ಓದು ಏನಂತ ಹೇಳುತ್ತೆ ಅಂತ ಕೇಳಿದೆ."

"ಓದು ಎಲ್ಲಾನೂ ಹೇಳಲ್ಲ ಅಪ್ಪ."

"ನಿಮ್ಮಿಬ್ಬರ ವಾದದಲ್ಲಿ ಅನ್ನ ಆರಿಹೋಗ್ತಿದೆ," ಎನ್ನುತ್ತಿದ್ದಳು ಅಮ್ಮ. ಆಮೇಲೆ ಒಲೆಯ ಕಡೆ ತಿರುಗಿ, ಯಾರಿಗೂ ಅಲ್ಲವೆಂಬಂತೆ, "ಈ ಮನೇಲಿ ನಾನು ಒಂದು ಮೊಳೆ ಹೊಡೆಯೋದಕ್ಕೂ ಕ್ಲಬ್ಬಿನ ಸೆಕ್ರೆಟರೀನ ಕೇಳಬೇಕು," ಎಂದು ಸೇರಿಸುತ್ತಿದ್ದಳು.

ಗುಟ್ಟು ರಟ್ಟು ಮಾಡಿದ್ದು ಅಜ್ಜಿ. ಅದೂ ಸಂತೋಷದಿಂದ. ಮರಿ ಮಲಗುತ್ತಿದ್ದದ್ದು ಅವರ ಕೋಣೆಯಲ್ಲೇ. ಬೆಳಗಿನ ತಿಂಡಿಗೆ ಎಲ್ಲರೂ ಕೂತಿದ್ದರು. ಅಮ್ಮ ಮೊಟ್ಟೆ ಸುಲಿಯುತ್ತಿದ್ದಳು. ಅಜ್ಜಿ ಹಾಲಿನ ಲೋಟ ಕೆಳಗಿಟ್ಟು ಮಗನಿಗೆ ಹೇಳಿದರು:

"ಇನ್ನು ಚಿಂತೆ ಬಿಡೋ. ಹುಡುಗಿ ಭುಜ ಗುಣ ಆಗಿದೆ. ಮೊದಲು ಆ ಮಗ್ಗುಲಿಗೆ ತಿರುಗಿದ್ರೇ ಎದ್ದು ಕೂರ್ತಿದ್ಲು. ಈಗ ದಿನಾ ಬೆಳಗ್ಗೆ ನೋಡ್ತೀನಿ, ಬಲಗೈ ಮೇಲೇ ಬಿದ್ಕೊಂಡು ಗೊರಕೆ ಹೊಡೀತಿರ್ತಾಳೆ."

ಕೆಳಗೆ ಪಂಪು ಚಾಲೂ ಆಯಿತು.

ಮರಿ ತಲೆ ಎತ್ತಲಿಲ್ಲ. "ನೋವಿಲ್ಲ," ಎಂದಳು. "ಆದರೂ ನಾನು ಈಜಲ್ಲ ಅಪ್ಪ. ನಂಗೆ ಬೇಡ. ನೀರು ಕಂಡ್ರೆ ಎದೆ ಮೇಲೆ ಕಲ್ಲು ಇಟ್ಟ ಹಾಗಾಗುತ್ತೆ."

"ಸದ್ಯ, ಒಂದು ಮಾತು ಬಂತಲ್ಲ," ಎಂದಳು ಅಮ್ಮ, ಮೊಟ್ಟೆಯ ಸಿಪ್ಪೆಯನ್ನೇ ನೋಡುತ್ತ.

"ನಿಂಗೂ ಗೊತ್ತಿತ್ತಾ ಅಮ್ಮ?" ಎಂದಳು ಅಕ್ಕ.

"ತಲೆ ಬಾಚೋಳು ನಾನು. ಎರಡೂ ಕೈ ಎತ್ತಿ ಜಡೆ ಬಿಚ್ಚಿಕೊಡ್ತಾಳೆ. ಕುರುಡಿಯೇ ನಾನು?"

ಎಲ್ಲರೂ ಅಪ್ಪನ ಕಡೆ ನೋಡಿದರು. ಅವರು ಕೂಗುತ್ತಾರೆಂದು, ತಟ್ಟೆ ತಳ್ಳಿ ಎದ್ದು ಹೋಗುತ್ತಾರೆಂದು ಅಕ್ಕ ಕಾದಳು. ಅಪ್ಪ ಬ್ರೆಡ್ಡಿನ ಚೂರನ್ನು ಹಾಲಿಗೆ ಅದ್ದಿ ತಿಂದು ಮುಗಿಸಿದರು.

"ನಂಗೂ ಗೊತ್ತು," ಎಂದರು. "ಅವಳು ಟವೆಲು ಹೊದ್ದುಕೊಳ್ಳೋದು ನೋಡಿದ್ರೇ ಗೊತ್ತಾಗುತ್ತೆ. ಇಷ್ಟು ವರ್ಷ ಭುಜ ನೋಡೋದೇ ನನ್ನ ಕೆಲಸ."

"ಮತ್ತೆ ದಿನಾ ನನ್ನನ್ನ ಯಾಕೆ ಕೇಳ್ತಿದ್ರಿ?"

"ನೀನು ನೋವಿದೆ ಅಂತ ಹೇಳಲಿ ಅಂತ." ಅಪ್ಪ ಕೈ ಒರೆಸಿಕೊಂಡರು. "ಸೆಕ್ರೆಟರಿ ಹತ್ತಿರ ಮಾತಾಡಿದೀನಿ. ಪೆಟ್ಟಾಗಿದೆ ಅಂದ್ರೆ ಅವರು ಕಾಯ್ತಾರೆ. ಹುಡುಗಿ ಹುಷಾರಾಗೋ ತನಕ ಕಂಪನಿ ವಿಷಯ ಎತ್ತಲ್ಲ ಅಂದಿದಾರೆ. ಪೆಟ್ಟು ಅಂದ್ರೆ ಕಾಯ್ತಾರೆ, ಇಷ್ಟ ಇಲ್ಲ ಅಂದ್ರೆ ಯಾರು ಕಾಯ್ತಾರೆ?"

ಮರಿ ಈಗ ತಲೆ ಎತ್ತಿದಳು.

"ಇನ್ನೂ ಸ್ವಲ್ಪ ದಿನ ನೋವು ಇರಲಿ," ಎಂದರು ಅಪ್ಪ. "ನೀನು ಈಜು ಅಂತ ಹೇಳ್ತಿಲ್ಲ. ಸುಮ್ಮನೆ ಇರು ಅಂತಿದೀನಿ, ಅಷ್ಟೆ. ರಾಷ್ಟ್ರ ಮಟ್ಟದ ಕೂಟಕ್ಕೆ ಇಲ್ಲಿ ಆಯ್ಕೆ ಸ್ಪರ್ಧೆ ನಡೆಯೋ ದಿನ ಎಲ್ಲರ ಕಣ್ಣೂ ನಿನ್ನ ಮೇಲಿರುತ್ತೆ. ಕೈಗೆ ಏನಾದ್ರೂ ಹಾಕ್ಕೊಂಡಿದ್ರೆ ಒಳ್ಳೇದು. ಸ್ಲಿಂಗ್ ತಾ," ಎಂದು ಅಕ್ಕನಿಗೆ ಹೇಳಿದರು.

"ಈ ತೊಂದರೆಗೆ ಸ್ಲಿಂಗ್ ಹಾಕೋದೇ ಇಲ್ಲ ಅಪ್ಪ. ಕೈ ಕಟ್ಟಿ ಇಟ್ರೆ ಭುಜ ಗಟ್ಟಿಯಾಗುತ್ತೆ."

"ನೋಡೋರಿಗೆ ಅದೆಲ್ಲ ಗೊತ್ತಿಲ್ಲ."

"ನಂಗೆ ಗೊತ್ತಲ್ಲ."

"ನಿಂಗೆ ಗೊತ್ತಿರೋದರಿಂದ ಮನೆ ಉಳಿಯಲ್ಲ."

ಅಜ್ಜಿ ಒಬ್ಬೊಬ್ಬರ ಮುಖವನ್ನೂ ನೋಡಿದರು. "ಒಳ್ಳೇ ಸುದ್ದಿ ಅಂತ ಹೇಳಿದೆ ನಾನು," ಎಂದರು.

ಸ್ಲಿಂಗ್ ಬಂತು. ಅಕ್ಕ ತರಲಿಲ್ಲ, ಅಪ್ಪನೇ ಔಷಧಿ ಅಂಗಡಿಯಿಂದ ತಂದರು. ಕೈಯನ್ನು ಕೊರಳಿಗೆ ತೂಗುಹಾಕುವ ನೀಲಿ ಬಟ್ಟೆಯ ಚೀಲ, ಕೊರಳ ಹಿಂದೆ ಬಕಲ್ಲು. ಮನೆಯ ಮೂರೂ ಕಿಟಕಿಗಳು ಕೊಳಕ್ಕೆ ಕಾಣುತ್ತಿದ್ದುದರಿಂದ ಮನೆಯೊಳಗೂ ಅದನ್ನು ತೆಗೆಯುವ ಹಾಗಿರಲಿಲ್ಲ. ಮರಿ ಎಡಗೈಯಲ್ಲಿ ಉಂಡಳು, ಎಡಗೈಯಲ್ಲಿ ಬರೆದಳು. ಅಮ್ಮನ ಜೊತೆ ತರಕಾರಿಗೆ ಹೋಗುವುದು ನಿಂತಿತು. ದಾರಿಯಲ್ಲಿ ಕ್ಲಬ್ಬಿನವರು ಸಿಕ್ಕರೆ, ಕೈಚೀಲ ಹಿಡಿದದ್ದು ಕಂಡರೆ ಎಂಬ ಹೆದರಿಕೆ. ಆಸ್ಪತ್ರೆಯ ಬಸ್ಸೂ ನಿಂತಿತು. ಅಕ್ಕ ಸ್ನಾನದ ಮನೆಯಲ್ಲಾದರೂ ಕೈ ಆಡಿಸು ಎಂದಳು. ಸ್ನಾನದ ಮನೆ ಎಷ್ಟು ಕಿರಿದೆಂದರೆ ಮರಿ ತೋಳು ಚಾಚಿದರೆ ಗೋಡೆ ಸಿಗುತ್ತಿತ್ತು. ಸ್ವಲ್ಪ ದಿನದಲ್ಲಿ ಅವಳು ಅದನ್ನೂ ಬಿಟ್ಟಳು. ಆಯ್ಕೆ ಸ್ಪರ್ಧೆಗೆ ಆಗಿನ್ನೂ ತಿಂಗಳಿಗೂ ಹೆಚ್ಚು ಬಾಕಿಯಿತ್ತು.

"ಮೊದಲು ನೀರಲ್ಲಿದ್ದೆ. ಈಗ ಈ ಚೀಲದಲ್ಲಿದೀನಿ," ಎಂದಳು ಅಮ್ಮನಿಗೆ.

ಆಯ್ಕೆ ಸ್ಪರ್ಧೆಯ ದಿನ ಕೊಳದ ಸುತ್ತ ಜನ ತುಂಬಿದ್ದರು. ಮರಿ ಮೆಟ್ಟಿಲ ಸಾಲಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಕೂತಳು. ಅವಳು ಈಜಬೇಕಿದ್ದ ಸಾಲಿನಲ್ಲಿ ಬೇರೆ ಊರಿನ ಹುಡುಗಿ ಈಜಿ ಗೆದ್ದಳು. ಸೆಕ್ರೆಟರಿ ಬಂದು ಪಕ್ಕದಲ್ಲಿ ಕೂತರು. ದಪ್ಪ ದೇಹದ, ಮೃದು ಮಾತಿನ ಮನುಷ್ಯ.

"ಹೇಗಿದೆ ಮಗು ಭುಜ?"

"ನೋಯ್ತಿದೆ ಸರ್."

"ಪಾಪ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ನೋಡು. ಪರವಾಗಿಲ್ಲ, ಮುಂದಿನ ವರ್ಷ ಇದೆ. ಅಲ್ಲಿ ತನಕ ನಾವು ಕಾಯ್ತೀವಿ. ನಿಮ್ಮ ಅಪ್ಪನಿಗೆ ಮಾತು ಕೊಟ್ಟಿದೀನಿ."

ಮುಂದಿನ ವರ್ಷ ಎಂಬುದನ್ನು ಅಪ್ಪ ಮನೆಯಲ್ಲಿ ಹೇಳಿರಲಿಲ್ಲ.

ಸಂಜೆ ಮರಿ ಕೋಣೆಗೆ ಬಂದವಳೇ ಎಡಗೈಯಲ್ಲಿ ಬಕಲ್ಲು ಕಿತ್ತು ಸ್ಲಿಂಗನ್ನು ಮೂಲೆಗೆ ಎಸೆದಳು. ಮೈಮೇಲಿನ ಅಂಗಿ ತೆಗೆಯಲು ಬಲಗೈ ಎತ್ತಿದಳು. ಕೈ ಭುಜದ ಮಟ್ಟಕ್ಕೆ ಬಂದು ನಿಂತಿತು.

"ಅಕ್ಕಾ," ಎಂದು ಕರೆದಳು. ಅಕ್ಕ ಒಳಗೆ ಬಂದಳು. "ಮೇಲೆ ಹೋಗ್ತಿಲ್ಲ. ನೋಯ್ತಿದೆ. ನಿಜವಾಗ್ಲೂ."

ಅಕ್ಕ ಒಂದು ಕ್ಷಣ ಅವಳ ಮುಖ ನೋಡಿದಳು. ಆ ಒಂದು ಕ್ಷಣವನ್ನು ಮರಿಯೂ ನೋಡಿದಳು. ಅವಳ ಕಣ್ಣು ತುಂಬಿತು.

"ನೀನೂ ನಂಬಲ್ವಾ?"

ಅಕ್ಕ ಅವಳನ್ನು ಮಂಚದ ಮೇಲೆ ಮಲಗಿಸಿ, ಮೊಣಕೈಗೆ ಆಸರೆ ಕೊಟ್ಟು ತೋಳನ್ನು ತಾನೇ ಮೇಲಕ್ಕೆ ಒಯ್ದಳು. ಬೆವರು ಮೂಡಿದ್ದು ಸುಳ್ಳಲ್ಲ. ತೋಳಿನ ಜೊತೆಗೇ ಭುಜವೆಲ್ಲ ಕಿವಿಯ ಕಡೆ ಏರುತ್ತಿದ್ದದ್ದು ಸುಳ್ಳಲ್ಲ. ಬಾಗಿಲಲ್ಲಿ ಅಪ್ಪ ಬಂದು ನಿಂತಿದ್ದರು.

"ಬನ್ನಿ ಅಪ್ಪ," ಎಂದಳು ಅಕ್ಕ. "ನೀವೇ ಹಿಡಿದು ನೋಡಿ."

ಅಪ್ಪ ಬಂದು ಮಗಳ ಭುಜದ ಮೇಲೆ ಅಂಗೈ ಇಟ್ಟರು, ತೋಳನ್ನು ಮೆಲ್ಲಗೆ ಎತ್ತಿದರು. ಅದು ನಿಂತ ಜಾಗದಲ್ಲಿ ಅವರ ಕೈಯೂ ನಿಂತಿತು. ಇಪ್ಪತ್ತು ವರ್ಷದಲ್ಲಿ ನೂರಾರು ಮಕ್ಕಳ ತೋಳು ತಿರುಗಿಸಿದ್ದ ಕೈ ಅದು.

"ಸರಿ ಹೋಗುತ್ತಾ?"

"ಹೋಗುತ್ತೆ. ಆದರೆ ಬೆಚ್ಚಗಿನ ನೀರಲ್ಲಿ ದಿನಾ ಆಡಿಸಬೇಕು. ಸಣ್ಣ ಕೊಳದ ನೀರು ಬೆಚ್ಚಗಿದೆ. ಎಲ್ಲರೆದುರೇ ಆಗಬೇಕು. ಸ್ಲಿಂಗ್ ಇಲ್ಲದೆ."

ಅಪ್ಪ ಹೊರಗೆ ಹೋದರು. ಊಟಕ್ಕೆ ಕರೆದರೂ ಬರಲಿಲ್ಲ. ಅಮ್ಮ ಅವರ ತಟ್ಟೆಗೆ ಮುಚ್ಚಳ ಹಾಕಿಟ್ಟು, "ಹಸಿದಾಗ ತಾವೇ ಬರ್ತಾರೆ," ಎಂದಳು.

ಮರುದಿನ ಸಂಜೆ ಮಕ್ಕಳು ಈಜು ಕಲಿಯುವ ಸಣ್ಣ ಕೊಳಕ್ಕೆ ಅಕ್ಕ ಮೊದಲು ಇಳಿದಳು. ಹತ್ತು ವರ್ಷವಾಗಿತ್ತು ಅವಳು ಆ ನೀರಿಗೆ ಇಳಿದು.

"ಈಜೋದಿಲ್ಲ ತಾನೆ?" ಎಂದಳು ಮರಿ, ದಂಡೆಯಲ್ಲಿ ನಿಂತು.

"ಈಜೋದು ಬೇಡ. ಕುತ್ತಿಗೆ ತನಕ ಇಳಿ. ಕೈ ನೀರಿನ ಮೇಲೆ ಬಿಡು. ನೀರೇ ಎತ್ತುತ್ತೆ."

ಮರಿ ಇಳಿದು ಮಂಡಿ ಬಾಗಿಸಿದಳು. ತೋಳು ನೀರಿನ ಜೊತೆ ಸ್ವಲ್ಪ ಸ್ವಲ್ಪವೇ ತೇಲಿ ಬಂತು. ಅವಳು ಹಲ್ಲು ಕಚ್ಚಿದಳು. ಅಕ್ಕ ಮೊಣಕೈ ಹಿಡಿದಿದ್ದಳು. ಸುತ್ತ ಈಜುತ್ತಿದ್ದ ಮಕ್ಕಳು ನಿಂತು ನೋಡಿದರು. ಮೇಲೆ ಅಡುಗೆಮನೆಯ ಕಿಟಕಿಯಲ್ಲಿ ಅಮ್ಮ, ಅವಳ ಪಕ್ಕ ಸ್ಟೂಲು ಹಾಕಿಕೊಂಡು ಅಜ್ಜಿ.

ಸೆಕ್ರೆಟರಿ ದೊಡ್ಡ ಕೊಳದ ಕಡೆಯಿಂದ ನಡೆದು ಬಂದರು. ದಂಡೆಯಲ್ಲಿ ನಿಂತಿದ್ದ ಅಪ್ಪನ ಪಕ್ಕಕ್ಕೆ ಬಂದು ಕೇಳಿದರು:

"ಏನು ಕೋಚ್, ಹುಡುಗಿ ಆಗಲೇ ನೀರಿಗಿಳಿದಿದಾಳೆ? ನಿನ್ನೆ ಕೈ ಕಟ್ಟಿಕೊಂಡಿದ್ಲು. ಯಾವಾಗ ಪ್ರಾಕ್ಟೀಸು ಶುರು?"

ಮರಿ ಅಲುಗಾಡಲಿಲ್ಲ. ಅಪ್ಪ ಕೊರಳಿನ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದರು.

"ಅವಳು ಈಜೋದಿಲ್ಲ," ಎಂದರು.

"ಈಗ ಬೇಡ, ಹುಷಾರಾದ ಮೇಲೆ..."

"ಹುಷಾರಾದ ಮೇಲೂ ಈಜೋದಿಲ್ಲ. ಅವಳಿಗೆ ಇಷ್ಟ ಇಲ್ಲ. ಮೊದಲಿನ ನೋವು ಯಾವತ್ತೋ ಹೋಗಿತ್ತು. ಈಗಿರೋದು ನಾನು ಕಟ್ಟಿ ಕೂರಿಸಿದ್ದರಿಂದ ಬಂದಿದ್ದು."

ಸೆಕ್ರೆಟರಿ ಒಂದು ಹೆಜ್ಜೆ ಹಿಂದೆ ಸರಿದರು. "ಇದನ್ನ ನಾನು ಕಮಿಟಿಗೆ ಹೇಳಬೇಕಾಗುತ್ತೆ."

"ಹೇಳಿ."

"ಯೋಚನೆ ಮಾಡಿ ಮಾತಾಡ್ತಿದೀರಾ?"

"ಯೋಚನೆ ಮಾಡಿಯೇ ಇಷ್ಟು ದಿನ ಸುಮ್ಮನಿದ್ದೆ."

ಸೆಕ್ರೆಟರಿ ತಲೆಯಾಡಿಸುತ್ತ ಆಫೀಸಿನ ಕಡೆ ಹೋದರು. ಅವರ ಬಾಗಿಲು ಮುಚ್ಚಿದ ಸದ್ದು ನೀರಿನವರೆಗೂ ಕೇಳಿಸಿತು. ಅಪ್ಪ ಬಾಗಿ, ಬೆಂಚಿನ ಮೇಲಿದ್ದ ಟವೆಲನ್ನು ಎತ್ತಿಕೊಂಡರು.

"ಅಪ್ಪ," ಎಂದಳು ಮರಿ. "ಮನೆ?"

"ಮನೆ ನೋಡೋಣ," ಎಂದರು ಅಪ್ಪ. "ಈಗ ನೀರಿಂದ ಎದ್ದು ಬಾ. ಥಂಡಿ ಆಗುತ್ತೆ."